ನವೆಂಬರ್ 1: ಒಂದೇ ತಾರೀಖು, ಹಲವು ಸಂಗತಿ – ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಕೊನೆ ವಾರ ಬಂತೆಂದರೆ ನಮ್ಮ ಬೇಲೂರಿನ ಮನೆಗೆ ಮಕ್ಕಳು ಬರಲು ಶುರು. ರಾಜ್ಯೋತ್ಸವಕ್ಕೆ ಭಾಷಣ ಬರೆದುಕೊಡಿ ಅಂತ ಕೇಳುತ್ತಾರೆ. ಬರೆದುಕೊಡೋದಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ. ಮಕ್ಕಳ ಜೊತೆ ಬರುವ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆಯ ನೆಂಟರು ಫೋನ್ ಮಾಡಿ ಕೇಳುತ್ತಾರೆ. ವರ್ಷ ವರ್ಷ ಅದೇ ಪ್ರಶ್ನೆಗಳು ಬರುತ್ತವೆ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ನವೆಂಬರ್ 1ರಂದು ಕರ್ನಾಟಕ ಹುಟ್ಟಿತು ಅನ್ನುತ್ತಾರೆ. ಯಾವ ವರ್ಷ? 1956 ಅಥವಾ 1973?

ಇದೇ ಎಲ್ಲರೂ ಎಡವುವ ಜಾಗ. ರಾಜ್ಯ ಒಂದಾಗಿದ್ದು 1956ರ ನವೆಂಬರ್ 1ರಂದು. ಅದಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದು 1973ರ ನವೆಂಬರ್ 1ರಂದು. ಮಧ್ಯದ 17 ವರ್ಷ ಅದು ಮೈಸೂರು ರಾಜ್ಯ. ನಾನು ಹೋಗಿದ್ದ ಒಂದು ಸಮಾರಂಭದ ಬ್ಯಾನರ್‌ನಲ್ಲಿ "1973ರಲ್ಲಿ ಕನ್ನಡ ನಾಡು ಒಂದಾದ ದಿನ" ಅಂತ ದೊಡ್ಡದಾಗಿ ಹಾಕಿದ್ದರು. ಅದರ ಕೆಳಗೇ ನಿಂತು ಮಕ್ಕಳು ಹಾಡಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಏಕೀಕರಣಕ್ಕೆ ಹೋರಾಡಿದವರಲ್ಲಿ ಎಷ್ಟೋ ಜನ 1973ರ ಹೊತ್ತಿಗೆ ಬದುಕೇ ಇರಲಿಲ್ಲ. ಅವರು ಗೆದ್ದ ದಿನವನ್ನು ನಾವು ತಪ್ಪು ಬರೆಯಬಾರದು, ಅಲ್ವಾ?

1956ಕ್ಕೆ ಮೊದಲು ಹಾಸನ, ಚಿಕ್ಕಮಗಳೂರು ಎಲ್ಲಿದ್ದವು?

ಎರಡೂ ಹಳೇ ಮೈಸೂರು ಸಂಸ್ಥಾನದಲ್ಲೇ ಇದ್ದವು. ಸ್ವಾತಂತ್ರ್ಯದ ನಂತರ ಮೈಸೂರು ರಾಜ್ಯದಲ್ಲಿ ಉಳಿದವು. ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೂ ಕಡೂರು ಜಿಲ್ಲೆ ಅಂತಲೇ ಹೆಸರು. ಹಳೇ ತೋಟದ ಪತ್ರಗಳಲ್ಲಿ "ಕಡೂರು ಡಿಸ್ಟ್ರಿಕ್ಟ್" ಅಂತ ಕಂಡರೆ ಗಾಬರಿ ಬೇಡ. ಅದು ನಿಮ್ಮ ಜಿಲ್ಲೆಯೇ.

ಹಾಗಾಗಿ 1956ರಲ್ಲಿ ನಾವು ಎಲ್ಲಿಗೂ ಹೋಗಿ ಸೇರಲಿಲ್ಲ. ಬೇರೆಯವರು ಬಂದು ನಮ್ಮ ಜೊತೆ ಸೇರಿದರು. ಮನೆಯಲ್ಲೇ ಇದ್ದವರಿಗೆ ಬಾಗಿಲು ತಟ್ಟುವವರ ಕಷ್ಟ ಬೇಗ ತಿಳಿಯೋದಿಲ್ಲ. ನಮ್ಮ ಕಡೆ ಏಕೀಕರಣದ ಕತೆ ಅಷ್ಟಾಗಿ ಹೇಳದೆ ಹೋದದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಧಾರವಾಡದ ಕಡೆಯ ಮನೆಗಳಲ್ಲಿ ಆ ಕತೆ ಅಜ್ಜಂದಿರ ಬಾಯಲ್ಲಿತ್ತು. ನಮಗೆ ಪುಸ್ತಕದಿಂದ ಬಂತು.

ಆ ದಿನ ಯಾರು ಯಾರು ಬಂದು ಸೇರಿದರು?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಬೊಂಬಾಯಿ ರಾಜ್ಯದಿಂದ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಬಂದವು. ಬೆಳಗಾವಿಯ ಚಂದಗಡ ತಾಲ್ಲೂಕು ಮಾತ್ರ ಅಲ್ಲೇ ಉಳಿಯಿತು. ಹೈದರಾಬಾದ್ ರಾಜ್ಯದಿಂದ ಕಲಬುರಗಿ, ರಾಯಚೂರು, ಬೀದರ್ ಬಂದವು. ಈ ಮೂರರಲ್ಲೂ ಕೆಲವು ತಾಲ್ಲೂಕುಗಳು ಕಳಚಿಕೊಂಡವು. ಗದ್ವಾಲ, ತಾಂಡೂರು ಆಂಧ್ರಕ್ಕೆ ಹೋದವು. ಉದಗೀರ ಬೊಂಬಾಯಿಗೆ ಹೋಯಿತು. ಮದ್ರಾಸ್ ರಾಜ್ಯದಿಂದ ದಕ್ಷಿಣ ಕನ್ನಡ ಬಂತು. ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕೂ ಬಂತು. ಅಲ್ಲಿಯವರೆಗೆ ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕೊಡಗು ಒಂದು ಜಿಲ್ಲೆಯಾಯಿತು. ಬಳ್ಳಾರಿ ಇದಕ್ಕೂ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಮೈಸೂರಿಗೆ ಬಂದಿತ್ತು.

ಲೆಕ್ಕ ಹಾಕಿ ನೋಡಿ. ಹಳೇ ಮೈಸೂರಿನ 9 ಜಿಲ್ಲೆ, ಬಳ್ಳಾರಿ ಸೇರಿ 10. ಬೊಂಬಾಯಿಯಿಂದ 4, ಹೈದರಾಬಾದಿನಿಂದ 3. ದಕ್ಷಿಣ ಕನ್ನಡ, ಕೊಡಗು. ಒಟ್ಟು 19. ಈಗಿನ 31 ಜಿಲ್ಲೆಗಳು ಇವೇ 19ನ್ನು ಒಡೆದು ಮಾಡಿದವು. ಮಕ್ಕಳಿಗೆ ಈ ಕೂಡುವ ಲೆಕ್ಕ ಹೇಳಿಕೊಡಿ. ಹೆಸರು ಬಾಯಿಪಾಠ ಮಾಡಿಸೋದಕ್ಕಿಂತ ಇದು ಚೆನ್ನಾಗಿ ತಲೆಯಲ್ಲಿ ಕೂರುತ್ತದೆ.

ಸೇರದೆ ಹೊರಗೆ ಉಳಿದವರು?

ಕಾಸರಗೋಡು. ದಕ್ಷಿಣ ಕನ್ನಡ ಬಂದರೂ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಹೋಯಿತು. ಅಲ್ಲಿ ಇವತ್ತಿಗೂ ಕನ್ನಡ ಶಾಲೆಗಳಿವೆ, ಕನ್ನಡದಲ್ಲಿ ಬರೆಯುವವರಿದ್ದಾರೆ. ನವೆಂಬರ್ 1 ಅವರಿಗೆ ಪೂರ್ತಿ ಹಬ್ಬವಲ್ಲ. ನಾವು ಬಾವುಟ ಕಟ್ಟುವಾಗ ಒಂದು ನಿಮಿಷ ಅವರನ್ನೂ ನೆನೆಯಬೇಕು ಅಂತ ನನ್ನ ಆಸೆ.

ಒಂದಾಗಬೇಕು ಅಂತ ಎಲ್ಲರಿಗೂ ಮನಸ್ಸಿತ್ತಾ?

ಇರಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವೂ ಇಲ್ಲ.

ಉತ್ತರದ ಕಡೆ ಆಸೆ ಬಹಳ ಹಳೆಯದು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರು ಊರೂರು ಸುತ್ತಿ, ಕನ್ನಡಿಗರಿಗೂ ಒಂದು ದೊಡ್ಡ ಚರಿತ್ರೆ ಇದೆ ಅಂತ ಹೇಳಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶುರುವಾಯಿತು. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಉಪವಾಸ ಕೂತರು. ಬಳ್ಳಾರಿಯಲ್ಲಿ ಪಿಂಜಾರ ರಂಜಾನ್ ಸಾಬ್ ಪ್ರಾಣವನ್ನೇ ಕೊಟ್ಟರು.

ನಮ್ಮ ಹಳೇ ಮೈಸೂರಿನಲ್ಲಿ ಮಾತ್ರ ಅಳುಕಿತ್ತು. ಇಲ್ಲಿ ಅಣೆಕಟ್ಟು, ಕರೆಂಟು, ಕಾರ್ಖಾನೆ, ವಿಶ್ವವಿದ್ಯಾಲಯ ಎಲ್ಲ ಬೇಗ ಬಂದಿದ್ದವು. ಹಿಂದುಳಿದ ಜಿಲ್ಲೆಗಳು ಬಂದರೆ ನಮ್ಮ ದುಡ್ಡು ಅಲ್ಲಿಗೆ ಹೋಗುತ್ತದೆ, ಅಧಿಕಾರ ಕೈ ತಪ್ಪುತ್ತದೆ ಅನ್ನುವ ಭಯ. ಆಗಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಹಳೇ ಮೈಸೂರಿನವರೇ ಆಗಿದ್ದರೂ ಏಕೀಕರಣದ ಪರ ನಿಂತರು. ಅವರ ನಂತರ ಮಲೆನಾಡಿನ ಕಡಿದಾಳ್ ಮಂಜಪ್ಪನವರು ಸ್ವಲ್ಪ ಕಾಲ ಮುಖ್ಯಮಂತ್ರಿಯಾಗಿದ್ದರು. 1956ರ ಅಕ್ಟೋಬರ್ 31ಕ್ಕೆ ಅವರ ಅವಧಿ ಮುಗಿಯಿತು. ಮಾರನೇ ದಿನ ಹೊಸ ರಾಜ್ಯದ ಮುಖ್ಯಮಂತ್ರಿಯಾಗಿ ಎಸ್. ನಿಜಲಿಂಗಪ್ಪನವರು ಬಂದರು. ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ರಾಜ್ಯಪಾಲರಾದರು.

ಕುವೆಂಪು ಅವರೂ ಏಕೀಕರಣದ ಪರವಾಗಿ ಗಟ್ಟಿ ದನಿ ಎತ್ತಿದವರು. ಅವರು ಬೆಳೆದದ್ದು ತೀರ್ಥಹಳ್ಳಿಯ ಕುಪ್ಪಳಿಯಲ್ಲಿ. ಹುಟ್ಟಿದ್ದು ಮಾತ್ರ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಕನ್ನಡ ಚಳವಳಿಗೆ ಮುಂದೆ ಬೆಂಗಳೂರಿನಲ್ಲಿ ಬಲ ಕೊಟ್ಟ ಅನಕೃ ಅವರ ಹೆಸರಿನ ಮೊದಲ ಅಕ್ಷರ ಹಾಸನದ ಅರಕಲಗೂಡಿನದು. ಇವನ್ನೆಲ್ಲ ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಅರಳುತ್ತದೆ. ಇದು ನಮ್ಮೂರಿನ ಕತೆಯೂ ಹೌದು ಅಂತ ಆಗ ಗೊತ್ತಾಗುತ್ತದೆ.

1956ರಲ್ಲೇ ಕರ್ನಾಟಕ ಅಂತ ಯಾಕೆ ಹೆಸರಿಡಲಿಲ್ಲ?

ರಾಜ್ಯ ಮರುವಿಂಗಡಣೆಗೆ ಕೇಂದ್ರ 1953ರ ಕೊನೆಯಲ್ಲಿ ಒಂದು ಆಯೋಗ ಮಾಡಿತು. ಫಜಲ್ ಅಲಿ, ಕೆ.ಎಂ. ಪಣಿಕ್ಕರ್, ಎಚ್.ಎನ್. ಕುಂಜ್ರು ಅದರಲ್ಲಿದ್ದರು. 1955ರಲ್ಲಿ ಅವರು ಕೊಟ್ಟ ವರದಿಯಲ್ಲಿ ಕರ್ನಾಟಕ ಅನ್ನುವ ಹೆಸರೇ ಇತ್ತು. ಆದರೆ ಕಾನೂನು ಆಗುವಾಗ ಮೈಸೂರು ಅಂತ ಉಳಿಯಿತು. ಅಳುಕಿದ್ದ ಹಳೇ ಮೈಸೂರಿನವರಿಗೆ ಅದು ಒಂದು ಸಮಾಧಾನವಾಯಿತು. ಉತ್ತರದವರಿಗೆ ಒಂದು ಕೊರಗಾಗಿ ಉಳಿಯಿತು. ಕೊನೆಗೆ 1972ರ ಜುಲೈನಲ್ಲಿ ವಿಧಾನಸಭೆ ಹೆಸರು ಬದಲಿಸುವ ತೀರ್ಮಾನ ಮಾಡಿತು. 1973ರಲ್ಲಿ ಸಂಸತ್ತಿನಲ್ಲಿ ಕಾಯ್ದೆಯಾಯಿತು. ಆಗ ಮುಖ್ಯಮಂತ್ರಿ ಡಿ. ದೇವರಾಜ ಅರಸು. ಅವರು ಮೈಸೂರು ಜಿಲ್ಲೆಯ ಹುಣಸೂರಿನವರು. ಮೈಸೂರಿನವರ ಕೈಯಿಂದಲೇ ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಬಂತು ಅನ್ನೋದು ನನಗೆ ಬಹಳ ಹಿಡಿಸುವ ವಿಷಯ.

ಇನ್ನೊಂದು ಸಣ್ಣ ಸಂಗತಿ. 1956ರ ನವೆಂಬರ್ 1 ಗುರುವಾರ. 1973ರದ್ದೂ ಗುರುವಾರವೇ.

ಅಪ್ಪನ ಹಳೇ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಮೈಸೂರು ರಾಜ್ಯ" ಅಂತಿದೆ. ತಪ್ಪು ಮುದ್ರಣವಾ?

ಅಲ್ಲ. 1973ಕ್ಕೆ ಮೊದಲಿನದ್ದಾದರೆ ಹಾಗೇ ಇರಬೇಕು. ಜೋಪಾನವಾಗಿ ಇಟ್ಟುಕೊಳ್ಳಿ, ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಳೇ ಕಾಗದ ಒಮ್ಮೆ ಪ್ಲಾಸ್ಟಿಕ್ಕಿಗೆ ಅಂಟಿದರೆ ಬಿಡಿಸಲು ಆಗೋದಿಲ್ಲ.

2023ರಲ್ಲಿ ಒಂದು ಕಡೆ 68ನೇ ರಾಜ್ಯೋತ್ಸವ, ಇನ್ನೊಂದು ಕಡೆ 50ರ ಸಂಭ್ರಮ ಅಂದರು. ಯಾವುದು ಸರಿ?

ಎರಡೂ ಸರಿ. 68 ಅನ್ನೋದು 1956ರಿಂದ ಲೆಕ್ಕ. 1956ರದ್ದೇ ಮೊದಲನೇದು ಅಂತ ಎಣಿಸುತ್ತಾ ಬಂದರೆ 2023ಕ್ಕೆ 68 ಆಗುತ್ತದೆ. 50 ಅನ್ನೋದು ಹೆಸರು ಬಂದ 1973ರಿಂದ ತುಂಬಿದ ವರ್ಷಗಳ ಲೆಕ್ಕ. 1956ರಿಂದ ತುಂಬಿದ ವರ್ಷ ಬೇಕಾದರೆ 68ರಲ್ಲಿ ಒಂದು ಕಳೆದು 67 ಅನ್ನಬೇಕು. "ನೇ" ಹಾಕಿದರೆ ಒಂದು ಲೆಕ್ಕ, "ವರ್ಷ ತುಂಬಿತು" ಅಂದರೆ ಇನ್ನೊಂದು. ಬ್ಯಾನರ್ ಬರೆಸುವವರು ಇದೊಂದನ್ನು ದಯವಿಟ್ಟು ಗಮನಿಸಿ.

ಚಿಕ್ಕಮಗಳೂರಿನ ಹೆಸರು ಬದಲಾಗಿದ್ದೂ ನವೆಂಬರ್ 1ರಂದೇ ಅಂತಾರಲ್ಲ?

ಹೌದು, 2014ರ ನವೆಂಬರ್ 1. ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ, ಬಳ್ಳಾರಿ, ಹೊಸಪೇಟೆ ಜೊತೆ ಚಿಕ್ಕಮಗಳೂರು. ಒಟ್ಟು 12 ಊರುಗಳು. ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ.

ನಿಜ ಹೇಳಬೇಕೆಂದರೆ ಚಿಕ್ಕಮಗಳೂರಿಗೆ ಹೊಸ ಹೆಸರೇನೂ ಬರಲಿಲ್ಲ. ಕನ್ನಡ ಬೋರ್ಡಿನಲ್ಲಿ ಮೊದಲಿನಿಂದಲೂ ಚಿಕ್ಕಮಗಳೂರೇ. ಇಂಗ್ಲಿಷಿನಲ್ಲಿ "ಚಿಕ್‌ಮಗಳೂರ್" ಅಂತ ಮೊಟಕು ಮಾಡಿ ಬರೆಯುತ್ತಿದ್ದರು. ಅದನ್ನು ನಾವು ಕರೆಯುವ ಹಾಗೇ ಬರೆಯಬೇಕು ಅಂತಾಯಿತು, ಅಷ್ಟೇ. ಕೆಲವರಿಗೆ ಇದು ಸಣ್ಣ ವಿಷಯ. ನನಗೆ ಹಾಗಲ್ಲ. ಆ ಊರಿನ ಹೆಸರಿನ ಹಿಂದೆ ಒಂದು ಕತೆ ಇದೆ. ಸಖರಾಯಪಟ್ಟಣದ ದೊರೆ ರುಕ್ಮಾಂಗದ ತನ್ನ ಚಿಕ್ಕ ಮಗಳಿಗೆ ಬಳುವಳಿಯಾಗಿ ಕೊಟ್ಟ ಊರು ಚಿಕ್ಕಮಗಳೂರು, ಹಿರಿಯ ಮಗಳಿಗೆ ಕೊಟ್ಟಿದ್ದು ಪಕ್ಕದ ಹಿರೇಮಗಳೂರು ಅಂತ ಜನ ಹೇಳುತ್ತಾರೆ. ಮೊಟಕು ಮಾಡಿದ ಹೆಸರಿನಲ್ಲಿ "ಚಿಕ್ಕ" ಅನ್ನೋದು ಅರ್ಧವೇ ಹೋಗಿತ್ತು. ಈಗ ಪೂರ್ತಿ ಬಂತು. ಹಿರೇಮಗಳೂರಿನ ಕೋದಂಡರಾಮ ದೇವಸ್ಥಾನದಲ್ಲಿ ಪೂಜೆ, ಅರ್ಚನೆ ಕನ್ನಡದಲ್ಲೇ ನಡೆಯುತ್ತದೆ ಅನ್ನೋದನ್ನೂ ಇಲ್ಲಿ ಹೇಳಲೇಬೇಕು. ಹೋಗಿಲ್ಲದವರು ಒಮ್ಮೆ ಹೋಗಿ ಕೇಳಿಬನ್ನಿ.

ಬೇರೆ ರಾಜ್ಯದವರಿಗೂ ಇದೇ ದಿನ ಹಬ್ಬವಾ?

ಹೌದು. ರಾಜ್ಯಗಳ ಮರುವಿಂಗಡಣೆ ಕಾಯ್ದೆಯಲ್ಲೇ ಜಾರಿಯ ದಿನ 1956ರ ನವೆಂಬರ್ 1 ಅಂತ ಬರೆದಿತ್ತು. ಆ ಒಂದೇ ದಿನ ದೇಶದಲ್ಲಿ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶ ಆದವು. ಕೇರಳ ಹುಟ್ಟಿತು. ತೆಲಂಗಾಣವನ್ನು ಸೇರಿಸಿಕೊಂಡು ಆಂಧ್ರಪ್ರದೇಶವಾಯಿತು. ಭೋಪಾಲ್ ರಾಜಧಾನಿಯಾಗಿ ಮಧ್ಯಪ್ರದೇಶ ಹೊಸ ರೂಪಕ್ಕೆ ಬಂತು. ಕನ್ಯಾಕುಮಾರಿ ಮದ್ರಾಸಿಗೆ ಸೇರಿತು. ಮುಂದೆ 1966ರ ನವೆಂಬರ್ 1ರಂದು ಪಂಜಾಬ್ ಒಡೆದು ಹರಿಯಾಣವಾಯಿತು. 2000ದ ನವೆಂಬರ್ 1ರಂದು ಛತ್ತೀಸ್‌ಗಢ ಬಂತು. ತಮಿಳುನಾಡಿನಲ್ಲಿ 2019ರಲ್ಲಿ ಇದೇ ದಿನವನ್ನು ರಾಜ್ಯದ ದಿನ ಅಂತ ಮಾಡಿದ್ದರು. 2021ರಲ್ಲಿ ಅದನ್ನು ಜುಲೈ 18ಕ್ಕೆ ಬದಲಾಯಿಸಿದರು. 1967ರಲ್ಲಿ ಮದ್ರಾಸ್ ವಿಧಾನಸಭೆ ತಮಿಳುನಾಡು ಅನ್ನುವ ಹೆಸರಿಗೆ ಒಪ್ಪಿಗೆ ಕೊಟ್ಟ ದಿನ ಅದು.

ಪಾಂಡಿಚೇರಿಯ ಆಡಳಿತ ಫ್ರೆಂಚರಿಂದ ಭಾರತದ ಕೈಗೆ ಬಂದಿದ್ದೂ ನವೆಂಬರ್ 1ರಂದೇ, 1954ರಲ್ಲಿ.

ಹಲ್ಮಿಡಿ ಶಾಸನಕ್ಕೂ ನವೆಂಬರ್ 1ಕ್ಕೂ ಸಂಬಂಧ ಇದೆಯಾ?

ನೇರವಾಗಿ ಇಲ್ಲ. ಆದರೂ ನನಗೆ ಬಹಳ ಪ್ರೀತಿಯ ಪ್ರಶ್ನೆ ಇದು. ಹಲ್ಮಿಡಿ ನಮ್ಮ ಬೇಲೂರು ತಾಲ್ಲೂಕಿನ ಊರು. ಅಲ್ಲಿ ಸಿಕ್ಕ ಕಲ್ಲಿನ ಮೇಲೆ 16 ಸಾಲು ಬರಹ ಇದೆ. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ಯುದ್ಧದಲ್ಲಿ ಶೌರ್ಯ ತೋರಿದ ವಿಜ ಅರಸ ಅನ್ನುವವನಿಗೆ ಪಲ್ಮಿಡಿ, ಮೂಳಿವಳ್ಳಿ ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟ ಸಂಗತಿ ಅದರಲ್ಲಿದೆ. ಬಾಳ್ಗಳ್ಚು ಅಂದರೆ ಕತ್ತಿ ತೊಳೆಯೋದು. ಗೆದ್ದು ಬಂದವನ ಕತ್ತಿ ತೊಳೆದು ಕೊಡುವ ಉಡುಗೊರೆ. ಆ ಪಲ್ಮಿಡಿಯೇ ಇವತ್ತಿನ ಹಲ್ಮಿಡಿ. "ಪ" ಹೋಗಿ "ಹ" ಬಂದಿದೆ. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ.

ಆ ಶಾಸನದಲ್ಲಿ ವರ್ಷ, ತಿಂಗಳು ಏನೂ ಬರೆದಿಲ್ಲ. ಅಕ್ಷರದ ರೂಪ, ಭಾಷೆ, ಕದಂಬ ಕಾಕುಸ್ಥನ ಹೆಸರು ನೋಡಿ ಸುಮಾರು ಕ್ರಿ.ಶ. 450 ಅಂತ ಹೇಳುತ್ತಾರೆ. ಹಾಗಾಗಿ ಕನ್ನಡದ ಈ ಹಳೇ ಬರಹಕ್ಕೆ ವಾರ್ಷಿಕೋತ್ಸವ ಮಾಡಲು ಒಂದು ತಾರೀಖೇ ಇಲ್ಲ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಸಿಕ್ಕ ಇನ್ನೊಂದು ಬರಹ ಇದಕ್ಕಿಂತ ಹಿಂದಿನದು, ಸುಮಾರು 370ರದ್ದು ಅಂತ ಈಚೆಗೆ ಪುರಾತತ್ತ್ವದವರು ಹೇಳಿದ್ದಾರೆ. ಅದಕ್ಕೆ ನಮಗೆ ಬೇಜಾರೇನಿಲ್ಲ. ಕನ್ನಡ ಇನ್ನಷ್ಟು ಹಿಂದಕ್ಕೆ ಹೋದರೆ ಖುಷಿಯೇ.

ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿದ್ದು 2008ರ ಅಕ್ಟೋಬರ್ 31ರಂದು, ರಾಜ್ಯೋತ್ಸವದ ಹಿಂದಿನ ದಿನ. ಭಾಷೆ ಎಷ್ಟು ಹಳೆಯದು ಅಂತ ಅದಕ್ಕೆ ತೋರಿಸಬೇಕಾಗಿತ್ತು. ಅಲ್ಲಿ ನಮ್ಮ ತಾಲ್ಲೂಕಿನ ಕಲ್ಲೂ ಸಾಕ್ಷಿ ಹೇಳಿತು.

ನಾಡಿನ ಹೊರಗೆ, ಪ್ರಪಂಚದಲ್ಲಿ ಆ ದಿನ ಏನೇನಾಗಿದೆ?

ತುಂಬಾ ಇವೆ, ಕೆಲವು ಹೇಳುತ್ತೇನೆ. 1512ರಲ್ಲಿ ರೋಮಿನ ಸಿಸ್ಟೈನ್ ಚಾಪೆಲ್‌ನ ಒಳಛಾವಣಿಗೆ ಮೈಕೆಲಾಂಜೆಲೊ ಬರೆದ ಚಿತ್ರಗಳನ್ನು ಜನರಿಗೆ ತೋರಿಸಿದರು. 1913ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಲ್ಲಿದ್ದ ಭಾರತೀಯರು ಬ್ರಿಟಿಷರ ವಿರುದ್ಧ ಹೊರಡಿಸಿದ ಗದರ್ ಪತ್ರಿಕೆಯ ಮೊದಲ ಸಂಚಿಕೆ ಬಂತು. 1954ರಲ್ಲಿ ಫ್ರಾನ್ಸಿನ ವಿರುದ್ಧ ಅಲ್ಜೀರಿಯಾದ ಸ್ವಾತಂತ್ರ್ಯ ಯುದ್ಧ ಶುರುವಾಯಿತು. 1993ರಲ್ಲಿ ಯುರೋಪಿಯನ್ ಒಕ್ಕೂಟದ ಒಪ್ಪಂದ ಜಾರಿಯಾಯಿತು.

1755ರದ್ದು ದೊಡ್ಡ ದುರಂತ. ಪೋರ್ಚುಗಲ್ಲಿನ ಲಿಸ್ಬನ್ ನಗರ. ಅವತ್ತು ಕ್ರೈಸ್ತರಿಗೆ ಎಲ್ಲ ಸಂತರ ಹಬ್ಬ. ಬೆಳಗ್ಗೆ ಜನರೆಲ್ಲ ಚರ್ಚಿನಲ್ಲಿದ್ದರು. ಭೂಮಿ ನಡುಗಿತು. ಬದುಕಿದವರು ಬಯಲು ಅಂತ ನದಿ ದಂಡೆಗೆ ಓಡಿದರು. ಅಲ್ಲಿಗೆ ಸಮುದ್ರದ ದೊಡ್ಡ ಅಲೆ ಬಂತು. ಬಿದ್ದ ದೀಪ, ಒಲೆಗಳಿಂದ ಬೆಂಕಿ ಹತ್ತಿ ದಿನಗಟ್ಟಲೆ ಉರಿಯಿತು. ಸಾವಿರಾರು ಜನ ಸತ್ತರು. ಭೂಕಂಪ ದೇವರ ಕೋಪವಲ್ಲ, ಅದಕ್ಕೆ ಭೂಮಿಯೊಳಗೇ ಕಾರಣ ಇರಬೇಕು ಅಂತ ಯುರೋಪಿನಲ್ಲಿ ಗಂಭೀರವಾಗಿ ಹುಡುಕಲು ಇದು ದೊಡ್ಡ ಪ್ರೇರಣೆಯಾಯಿತು.

1952ರಲ್ಲಿ ಅಮೆರಿಕ ಶಾಂತಸಾಗರದ ಎನಿವೆಟಾಕ್ ದ್ವೀಪಗಳಲ್ಲಿ ಮೊದಲ ದೊಡ್ಡ ಹೈಡ್ರೋಜನ್ ಬಾಂಬ್ ಸಿಡಿಸಿತು. ಕೆಲವು ಕಡೆ ಇದನ್ನು ಅಕ್ಟೋಬರ್ 31 ಅಂತ ಬರೆದಿರುತ್ತಾರೆ. ಅದೂ ತಪ್ಪಲ್ಲ. ಅಲ್ಲಿ ನವೆಂಬರ್ 1ರ ಬೆಳಗಾಗಿದ್ದಾಗ ಲಂಡನ್ನಿನಲ್ಲಿ ಇನ್ನೂ ಹಿಂದಿನ ದಿನದ ಸಂಜೆ.

ನಮ್ಮ ದೇಶದ ನೋವಿನ ನೆನಪೂ ಒಂದಿದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ನವೆಂಬರ್ 1ರಿಂದ ದೆಹಲಿಯಲ್ಲಿ ಸಿಖ್ಖರನ್ನು ಹುಡುಕಿ ಹುಡುಕಿ ಕೊಂದರು. ಮಕ್ಕಳು ಕೇಳಿದರೆ ಇದನ್ನೂ ಹೇಳುತ್ತೇನೆ.

1858ರ ನವೆಂಬರ್ 1ಕ್ಕೂ ನಮಗೂ ಸಂಬಂಧ ಇದೆ ಅಂತ ಓದಿದೆ. ಹೇಗೆ?

ಅವತ್ತು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಆಳ್ವಿಕೆ ಬಂತು. ಇನ್ನು ಹೊಸ ಜಾಗ ಸೇರಿಸಿಕೊಳ್ಳೋದಿಲ್ಲ, ಅರಸರ ಹಕ್ಕು ಉಳಿಸುತ್ತೇವೆ ಅನ್ನುವ ಮಾತು ಅದರಲ್ಲಿತ್ತು. ಆಗ ಮೈಸೂರು ಅರಸರ ಕೈಯಲ್ಲಿ ಇರಲಿಲ್ಲ. ಮಾರ್ಕ್ ಕಬ್ಬನ್ ಕಮಿಷನರ್ ಆಗಿ ಆಳುತ್ತಿದ್ದ. ಮುಂದೆ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ ಬಂತು. ಅರಸರ ಕಡೆಯವರು ಹಕ್ಕು ಕೇಳುವಾಗ ಈ ಮಾತು ಅವರಿಗೆ ಆಧಾರವಾಗಿತ್ತು.

ರಾಜ್ಯೋತ್ಸವ ಪ್ರತಿ ವರ್ಷ ಅದೇ ದಿನ. ಹಾಸನಾಂಬೆ ಬಾಗಿಲು ಮಾತ್ರ ಯಾಕೆ ಬೇರೆ ಬೇರೆ ದಿನ ತೆಗೆಯುತ್ತಾರೆ?

ಒಂದು ಸೂರ್ಯನ ಲೆಕ್ಕ, ಇನ್ನೊಂದು ಚಂದ್ರನ ಲೆಕ್ಕ. ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತದೆ. ಬಲಿಪಾಡ್ಯಮಿ ಕಳೆದು ಮುಚ್ಚುತ್ತದೆ. 12 ಚಾಂದ್ರ ತಿಂಗಳು ಸೇರಿದರೆ ಸುಮಾರು 354 ದಿನ. ವರ್ಷಕ್ಕೆ 11 ದಿನ ಕಮ್ಮಿ. ಅದಕ್ಕೇ ಹಬ್ಬ ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. 2024ರಲ್ಲಿ ನವೆಂಬರ್ 1 ದರ್ಶನದ ದಿನಗಳ ಒಳಗೇ ಬಂತು. ಹಾಸನದ ಬೀದಿಯಲ್ಲಿ ಒಂದು ಕಡೆ ದರ್ಶನದ ಸಾಲು, ಇನ್ನೊಂದು ಕಡೆ ಹಳದಿ ಕೆಂಪು ಬಾವುಟ. 2025ರಲ್ಲಿ ಅಕ್ಟೋಬರಿನಲ್ಲೇ ಬಾಗಿಲು ಮುಚ್ಚಿತು. 1956ರಲ್ಲೂ ನವೆಂಬರ್ 1 ದೀಪಾವಳಿ ಅಮಾವಾಸ್ಯೆಯ ಹೊತ್ತಿಗೇ ಬಂದಿತ್ತು. ರಾಜ್ಯ ಒಂದಾದ ದಿನ ನಮ್ಮ ಮನೆಗಳಲ್ಲಿ ಹೇಗಿದ್ದರೂ ದೀಪ ಹಚ್ಚಿಯೇ ಇದ್ದರು.

ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಗೆದ್ದಿದ್ದು ನವೆಂಬರ್ 1ಕ್ಕಾ?

ಅಲ್ಲ. 1978ರ ನವೆಂಬರ್ ತಿಂಗಳು ಹೌದು, 1ನೇ ತಾರೀಖು ಅಲ್ಲ. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಲ್ಲಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿದರು.

ಆ ದಿನ ಹುಟ್ಟಿದ ಪ್ರಸಿದ್ಧರು?

ನಟಿ ಐಶ್ವರ್ಯಾ ರೈ ಹುಟ್ಟಿದ್ದು ಮಂಗಳೂರಿನಲ್ಲಿ, 1973ರ ನವೆಂಬರ್ 1ರಂದು. ಕರ್ನಾಟಕ ಅನ್ನುವ ಹೆಸರು ಬಂದ ದಿನವೇ. ಕ್ರಿಕೆಟ್ ಆಟಗಾರ ವಿ.ವಿ.ಎಸ್. ಲಕ್ಷ್ಮಣ್ ಹುಟ್ಟಿದ್ದು 1974ರ ಅದೇ ತಾರೀಖು.

ಮಗು ಮೂರನೇ ಕ್ಲಾಸು. ಎರಡು ನಿಮಿಷದ ಭಾಷಣ. ಇಷ್ಟೆಲ್ಲ ಹೇಳಲು ಆಗೋದಿಲ್ಲ. ಏನು ಹೇಳಿಸಲಿ?

ಮೂರು ವರ್ಷ ಸಾಕು. 1956, 1973, 2014. ಒಂದಾದದ್ದು, ಹೆಸರು ಬಂದದ್ದು, ನಮ್ಮೂರುಗಳ ಹೆಸರನ್ನು ಇಂಗ್ಲಿಷಿನಲ್ಲೂ ನಮ್ಮ ಹಾಗೇ ಬರೆದದ್ದು. ಕೊನೆಗೆ ನಿಮ್ಮ ಊರಿನ ಹೆಸರು ಎಲ್ಲಿಂದ ಬಂತು ಅಂತ ಮಗುವೇ ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬಂದು ಹೇಳಲಿ. ಹೋದ ವರ್ಷ ಒಬ್ಬಳು ಪುಟ್ಟ ಹುಡುಗಿ ಸ್ಟೇಜಿನ ಮೇಲೆ ನಿಂತು, "ಪಲ್ಮಿಡಿ ಹಲ್ಮಿಡಿ ಆಯ್ತು, ಪಾಲು ಹಾಲಾಯ್ತು" ಅಂತ ಗಟ್ಟಿಯಾಗಿ ಹೇಳಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಜ್ಜಿ ಅದನ್ನೇ ಮೆಲ್ಲಗೆ ಇನ್ನೊಂದು ಸಲ ಹೇಳಿಕೊಂಡರು.